ಓದಿದ ಮಕ್ಕಳ ಕೊಪ್ಪಲು

ಬಸವರಾಜು ಮೇಷ್ಟ್ರ ಮಗಳಾಗಿ ಹುಟ್ಟಿದ್ದಕ್ಕೆ ಶಾಂತಲಾ ಪಟ್ಟ ಪಾಡು ಒಂದೆರಡಲ್ಲ. ಗಣಿತದಲ್ಲಿ ನಲವತ್ತು ಬಂದಾಗಲೆಲ್ಲ ಅಪ್ಪ ಒಂದೇ ರಾಗ ಎಳೆಯುತ್ತಿದ್ದರು: "ಹೊಸಕೊಪ್ಪಲಿನ ಗೌರಿ ಗುಡಿಸಲಲ್ಲಿ ಕೂತು ಏಳನೇ ಕ್ಲಾಸು ಓದಿದಳು. ನಿನಗೇನು ಧಾಡಿ?" ಕಣ್ಣಿಂದ ನೋಡದ ಆ ಹುಡುಗಿಯ ಹೆಸರೆತ್ತಿದರೆ ಶಾಂತಲಾಗೆ ಮೈಯೆಲ್ಲ ಉರಿ.

ಕಬಿನಿ ಅಣೆಕಟ್ಟೆಗೆ ಊರು ಬಿಟ್ಟುಕೊಟ್ಟವರು ಕಟ್ಟಿಕೊಂಡ ಕೊಪ್ಪಲುಗಳನ್ನು ಅಪ್ಪ ೧೯೭೮ರಲ್ಲಿ ಮನೆಮನೆ ಸುತ್ತಿ ಸಮೀಕ್ಷೆ ಮಾಡಿದ್ದರು. ಬೆಂಗಳೂರಿನ ಪೇಟೆಯಲ್ಲಿ ಬೆಳೆದ ಮನುಷ್ಯ, ಎಚ್.ಡಿ. ಕೋಟೆಯ ಕಾಡುದಾರಿಯಲ್ಲಿ ಸೈಕಲ್ ತುಳಿದು ಒಂಬೈನೂರು ಹಾಳೆ ತುಂಬಿಸಿದ್ದರು. ಅವರ ಜೀವಮಾನದ ಸಂಪಾದನೆ ಅದೊಂದೇ. ಇಪ್ಪತ್ತೈದು ವರ್ಷದ ಮೇಲೆ ಈಗ ಹುಣಸೂರಿನ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವ ಶಾಂತಲಾ ಆ ಹಾಳೆಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ಸಂಶೋಧಕರ ಅಂಕಿಅಂಶವನ್ನೂ ಪುಸ್ತಕದ ಹಾಗೇ ಕಾಪಾಡಿ ಕೇಳಿದವರಿಗೆ ಕೊಡಬೇಕೆಂದು ಅವಳೇ ಹಟ ಹಿಡಿದು ಶುರುಮಾಡಿದ ಕೆಲಸ. ನಿಯಮವನ್ನೂ ಅವಳೇ ಬರೆದಿದ್ದಳು: ಅನುಮಾನ ಬಂದರೆ ಸ್ಥಳಕ್ಕೆ ಹೋಗಿ ವಿಚಾರಿಸಬೇಕು, ತಪ್ಪು ಸಿಕ್ಕರೆ ಅದನ್ನು ಬರೆದವರ ಹೆಸರು ಸಮೇತ ತಿದ್ದುಪಡಿ ಹಾಳೆ ಸೇರಿಸಬೇಕು.

ಅನುಮಾನ ಬಂದದ್ದು ಹೊಸಕೊಪ್ಪಲಿನಲ್ಲೇ. ಶಾಲೆಯೇ ಇಲ್ಲದ ಊರಿನಲ್ಲಿ ಇಪ್ಪತ್ತೊಂದು ಮಕ್ಕಳು ಓದಿದ್ದರು. ಮೂರು, ಐದು, ಏಳು, ಒಂಬತ್ತು; ಹತ್ತನೇ ಕ್ಲಾಸು ಮುಟ್ಟಿದವರು ಒಬ್ಬರೂ ಇಲ್ಲ. ಅಷ್ಟೂ ಮಕ್ಕಳ ವಯಸ್ಸಿನ ಜಾಗ ಖಾಲಿಯಿತ್ತು.

ಬೀಚನಹಳ್ಳಿಯಲ್ಲಿ ಬಸ್ಸಿಳಿದು ನಡೆದು ಹೋದಾಗ ಮಟಮಟ ಮಧ್ಯಾಹ್ನ. ಬೀದಿಯಲ್ಲಿ ಮುದುಕರಿದ್ದರು, ಇಪ್ಪತ್ತರ ಹುಡುಗರಿದ್ದರು. ತನ್ನ ಓರಗೆಯ, ಮೂವತ್ತರ ಆಸುಪಾಸಿನ ಒಂದು ಮುಖವೂ ಕಾಣಲಿಲ್ಲ.

ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಪುಟ್ಟತಾಯಮ್ಮನೇ ಗೌರಿಯ ತಾಯಿ.

"ಗೌರಿ ಎಷ್ಟು ಓದಿದ್ದಾಳೆ ಅಮ್ಮ?"

"ಏಳಕ್ಕೇ ಓದ್ಲು ಕಣವ್ವ."

"ಈಗ ಎಲ್ಲಿದ್ದಾಳೆ?"

ಮುದುಕಿ ವಿಚಿತ್ರವಾಗಿ ನೋಡಿದಳು. "ಓದ್ಲು ಅಂದ್ನಲ್ಲವ್ವ. ಇಲ್ಗೆ ಬಂದ್ ವರ್ಸ ನೀರು ಒಗ್ನಿಲ್ಲ, ವಾಂತಿಭೇದಿ ಆಯ್ತು. ಅದಿನೈದೇ ದಿನ. ಮಾದೇವ ಐದಕ್ಕೆ ಓದ, ಚಿಕ್ಕಮಾದು ಒಂಬತ್ತಕ್ಕೆ ಓದ."

'ಹ' ನುಂಗುವ ಮಾತು ಹುಣಸೂರಿನಲ್ಲೇ ಬೆಳೆದ ಶಾಂತಲಾಗೆ ಹೊಸದಲ್ಲ. ಕಾಗದದ ಮೇಲೆ ಕಣ್ಣು ಮೋಸಹೋಗಿತ್ತು, ಅಷ್ಟೆ. ಹೋದಳು. ಏಳು ವರ್ಷಕ್ಕೇ ಹೋದಳು. ಅಪ್ಪ ಬರೆದುಕೊಂಡದ್ದು ಕ್ಲಾಸಲ್ಲ, ಸತ್ತಾಗಿನ ವಯಸ್ಸು. ಇಷ್ಟು ಕಾಲ ತಾನು ಹೊಟ್ಟೆಕಿಚ್ಚು ಪಟ್ಟದ್ದು ಮಣ್ಣಿನಲ್ಲಿದ್ದ ಮಗುವಿನ ಮೇಲೆ ಎಂದು ಅವಳಿಗೆ ನಾಚಿಕೆಯೂ ಭಯವೂ ಒಟ್ಟಿಗೇ ಆದವು.

"ಬರೆಯೋಕೆ ಬಂದ ಮೇಷ್ಟ್ರಿಗೆ ಯಾರೂ ಬಿಡಿಸಿ ಹೇಳಲಿಲ್ಲವಾ?"

"ಒಂದೊಂದ್ ಎಸ್ರು ಯೇಳ್ದಾಗ್ಲೂ ಭೇಷ್ ಭೇಷ್ ಅಂತ ನಗ್ತಾ ಬರ್ಕಂಡ್ರು. ಮೊದ್ಲು ಸಿಟ್ಟು ಬಂತು. ಆಮ್ಯಾಕೆ ಅರ್ತ ಆಯ್ತು." ಮುದುಕಿ ದನಿ ತಗ್ಗಿಸಿದಳು. "ನಾವೇ ಸುಮ್ಕಾದೊ. ಆ ಮೇಷ್ಟ್ರು ಬುಕ್ಕಲ್ಲಾದ್ರೂ ನಮ್ ಮಕ್ಳು ಇಸ್ಕೂಲ್ಗೆ ಓಗ್ಲಿ ಬುಡು ಅಂತ."

ಯಾವಾಗ ಬಂದರೋ, ಜಗಲಿಯ ಸುತ್ತ ಏಳೆಂಟು ಮುದುಕಿಯರು ಸದ್ದಿಲ್ಲದೆ ಕೂತಿದ್ದರು.

ಶಾಂತಲಾ ತಿದ್ದುಪಡಿ ಹಾಳೆ ತೆಗೆದಳು. ತುಂಬಿದರೆ ಅಪ್ಪನ ಜೀವಮಾನದ ಕೆಲಸಕ್ಕೆ ಮಸಿ. ತುಂಬದಿದ್ದರೆ ತನ್ನ ಲೈಬ್ರರಿ ಕಾಪಾಡುವುದು ಸುಳ್ಳನ್ನು. ಅಪ್ಪನಾದರೇನು, ತಪ್ಪು ತಪ್ಪೇ ಎಂದು ಗಟ್ಟಿಮನಸ್ಸು ಮಾಡಿ 'ಗೌರಿ' ಎಂದು ಬರೆದಳು.

ಪುಟ್ಟತಾಯಮ್ಮ ಬಗ್ಗಿ ನೋಡಿದಳು. "ಅದು ಗೌರಿ ಎಸ್ರಾ? ಇನ್ನೂವೆ ಬುಕ್ಕಲ್ಲಿ ಅವ್ಳಾ?"

"ಹೂಂ ಅಮ್ಮ."

"ನಮ್ ಮಾದೇವಾ?" ಹಿಂದಿನಿಂದ ಒಂದು ದನಿ ಕೇಳಿತು. ಮುದುಕಿಯರೆಲ್ಲ ಹತ್ತಿರ ಸರಿದರು. ಪುಟ್ಟತಾಯಮ್ಮನ ಒಣಗಿದ ಕೈ ಶಾಂತಲಾಳ ಮಣಿಕಟ್ಟು ಹಿಡಿಯಿತು.

"ಈಗ ಎಷ್ಟ್ನೇ ಕ್ಲಾಸವ್ವ, ನನ್ ಗೌರಿ?"

ಶಾಂತಲಾ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿದಳು.

"ಪಾಸಾದಳು ಅಮ್ಮ," ಎಂದಳು. "ಎಂಟಕ್ಕೆ ಹೋದಳು."