ನಾಲ್ಕನೆಯ ತಾಟು

ಅಣ್ಣಿಗೇರಿಯ ಹತ್ತಿ ಜಿನ್ನಿನ ಮಿಸ್ತ್ರಿ ಹೊಳೆಪ್ಪ ಹೊಸ ಯಂತ್ರದ ಕೆಲಸ ಕಲಿಯಲು ಪೋಲೆಂಡಿನ ವುಚ್ ಪಟ್ಟಣಕ್ಕೆ ಹೋಗಿದ್ದು ೧೯೭೪ರಲ್ಲಿ. ಊರಿಗೆ ಹೊರಡಬೇಕೆನ್ನುವ ದಿನವೇ ಹಿಮ ಸುರಿದು ವಿಮಾನ ನಿಂತುಬಿಟ್ಟಿತು. ಕೆಲಸ ಕಲಿಸಿದ ಗಿರಣಿಯವರು ಅವನನ್ನೂ ಜೊತೆಗಿದ್ದ ಧಾರವಾಡದ ಇಂಜಿನಿಯರ್ ಪ್ರಭಂಜನರನ್ನೂ ಒಬ್ಬ ಒಂಟಿ ಮುದುಕಿಯ ಮನೆಯಲ್ಲಿ ಇಳಿಸಿದರು. ಕಲ್ಲಿದ್ದಲ ಹೊಗೆ ಕುಡಿದು ಕರ್ರಗಾದ ಊರು ಅದು. ಬಿದ್ದ ಹಿಮವೂ ಮಸಿಯಾಗುತ್ತಿತ್ತು. ಗಡಗಡ ನಡುಗುತ್ತಿದ್ದ ಹೊಳೆಪ್ಪನಿಗೆ ಮುದುಕಿ ಪೆಟ್ಟಿಗೆಯಿಂದ ಕೋಟೊಂದನ್ನು ತೆಗೆದು ಕೊಟ್ಟಳು. ಅವನ ಅಳತೆಗೇ ಹೊಲಿಸಿದಂತಿತ್ತು. ಮೇಲಿನ ಗುಂಡಿ ಮಾತ್ರ ಬೇರೆ, ಹಿತ್ತಾಳೆಯದು.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಆಕೆ ಮೂವರಿಗೆ ನಾಲ್ಕು ತಾಟು ಇಟ್ಟು, ಹೊಳೆಪ್ಪನ ಕೈಹಿಡಿದು ನಾಲ್ಕನೆಯದರ ಮುಂದೆ ತಂದು ನಿಲ್ಲಿಸಿದಳು. ಅವನು ಕೈ ಬಿಡಿಸಿಕೊಂಡು ಹಿಂದೆ ಸರಿದ. ಅವನೂರಲ್ಲಿ ಕೂಡುವವರಿಲ್ಲದೆ ಎಡೆ ಇಡುವುದು ಸತ್ತವರಿಗೆ.

“ಸಾಹೇಬ್ರ, ಇದು ಸತ್ತವರ ಎಡಿ ಐತ್ರಿ. ನಾ ಕೂಡಂಗಿಲ್ಲ.”

ಪ್ರಭಂಜನ ನಕ್ಕರು. “ಏ ಹುಚ್ಚಾ, ಹೇಳದ ಕೇಳದ ಬರೋ ಅತಿಥಿಗಂತ ಇಡೂದು ಇವರ ಪದ್ಧತಿ. ಬಾಗಲಾ ಚಿಲಕಾ ಹಾಕದ ಬಿಟ್ಟಿದ್ದೂ ಅದಕ್ಕ. ಕೂಡು.”

ಹೊಳೆಪ್ಪ ನಾಚಿಕೊಂಡು ಕುಳಿತ. ಮುದುಕಿ ಕೆಂಪು ಸಾರು ಬಡಿಸಿ, ಅವನ ಭುಜ ಸವರಿ, ಗೋಡೆಯತ್ತ ನೋಡಿದಳು. ಅವನೂ ನೋಡಿದ. ಅಲ್ಲೊಂದು ಫೋಟೋ, ಅದರ ಮುಂದೆ ಉರಿಯುವ ಮೇಣದಬತ್ತಿ. ಫೋಟೋದಲ್ಲಿ ಹರೆಯದ ಹುಡುಗ. ಅದೇ ಕೋಟು, ಅದೇ ಹಿತ್ತಾಳೆಯ ಗುಂಡಿ.

ಹೊಳೆಪ್ಪನ ಕೈ ತನ್ನ ಕೊರಳ ಬಳಿಯ ಗುಂಡಿಗೆ ಹೋಯಿತು.

ಮುದುಕಿ ಎದ್ದು ಮೇಣದಬತ್ತಿ ಊದಿ ಆರಿಸಿದಳು. ಆಮೇಲೆ, ಬರಬೇಕಾದವನು ಬಂದನೆಂಬಂತೆ, ಬಾಗಿಲಿಗೆ ಚಿಲಕ ಹಾಕಿದಳು.