ಗೋಲಿ, ಜೋಳ, ಕಿಟ್ಲಿ ಮತ್ತು ಸಾಹೇಬರ ಚಹಾ

೧

ಈ ಕಥೆಯನ್ನು ಎಲ್ಲಿಂದ ಸುರು ಮಾಡಲಿ? ಗೋಲಿಯಿಂದ ಸುರು ಮಾಡಿದರೆ ಅದು ಉರುಳಿ ಹೋಗುತ್ತದೆ, ಅದರ ಬೆನ್ನು ಹತ್ತಿ ನಾನು ಓಡಬೇಕಾಗುತ್ತದೆ. ಚಹಾದಿಂದ ಸುರು ಮಾಡಿದರೆ ನೀವು ಕಥೆ ಮಡಚಿಟ್ಟು ಒಲೆಯ ಕಡೆ ಹೋಗುತ್ತೀರಿ. ನಮ್ಮೂರ ಗುಡಿಕಟ್ಟೆಯ ಮೇಲೆ ಕಥೆ ಹೇಳುತ್ತಿದ್ದ ಹಿರಿಯರು ಮೊದಲು ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದರು, ಆಮೇಲೆ ಎಲಿ ಅಡಿಕೆ ಕೇಳುತ್ತಿದ್ದರು. ನಾನೂ ನೆನೆದಿದ್ದೇನೆ. ಎಲಿ ಅಡಿಕೆ ಮಾತ್ರ ನಿಮ್ಮ ಕಡೆಯಿಂದ ಬರುವ ಲಕ್ಷಣ ಕಾಣುವುದಿಲ್ಲ.

(ಓದುಗರನ್ನು ಮೊದಲ ಪ್ಯಾರಾದಲ್ಲೇ ಹಂಗಿಸುವುದು ಈಗಿನ ಫ್ಯಾಶನ್ನಂತೆ. ನನಗೆ ಅದು ಬರುವುದಿಲ್ಲ. ಆದರೂ ಹಂಗಿಸಿಬಿಟ್ಟೆ.)

೨

ಮೊದಲ ಡ್ರಾಫ್ಟು ಹೀಗಿತ್ತು: ‘ಸನ್ ಅರವತ್ತೊಂದು. ಮುದ್ದೇಬಿಹಾಳದ ಮೇಲೆ ಸೂರ್ಯ ಮೂಡುತ್ತಿದ್ದ. ನಬಿಲಾಲನ ಕಣ್ಣುಗಳಲ್ಲಿ ಕನಸುಗಳಿದ್ದವು.’

ಇಷ್ಟು ಬರೆದಿದ್ದೆ, ನಬಿಲಾಲ ಕಾಗದದೊಳಗಿಂದಲೇ ತಲೆ ಎತ್ತಿದ.

“ಕಣ್ಣಾಗ ಕನಸ ಅಲ್ರಿ, ಜ್ವಾಳದ ಹೊಟ್ಟ ಬಿದ್ದಿತ್ತು. ಅದಕ್ಕ ನೀರ ಬರಾಕತ್ತಿತ್ತು. ನೀವು ಅಳಾಕತ್ತಾನ ಅಂತ ಬರದ್ರ ನಮ್ಮ ಸಾಲ್ಯಾಗ ಮಾರಿ ತೋರ್ಸೂದ ಹ್ಯಾಂಗ?”

ಡ್ರಾಫ್ಟು ಹರಿದು ಹಾಕಿದೆ.

೩

ಸರಿ, ನೆಟ್ಟಗೆ ಹೇಳುತ್ತೇನೆ. ನಬಿಲಾಲ ಹೈಸ್ಕೂಲಿನಲ್ಲಿ ಎಂಜಿನಿಯರಿಂಗ್ ವಿಷಯ ತಗೊಂಡ ಹುಡುಗ. ಅವನ ಅಪ್ಪ ಗುಡುಸಾಬನಿಗೆ ಮುದ್ದೇಬಿಹಾಳದ ಪೇಟೆಯಲ್ಲಿ ಜೋಳದ ಅಂಗಡಿ. ಸಾಲಿ ಬಿಡಿಸಿ ಮಗನನ್ನು ಅಂಗಡಿಯಲ್ಲಿ ಕೂಡಿಸಬೇಕು ಎನ್ನುವುದು ಅಪ್ಪನ ಆಸೆ. ಬಿಡಬಾರದು ಎನ್ನುವುದು ಮಗನ ಹಟ. ಅಷ್ಟರಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಕಡೆಯ ಹೈಸ್ಕೂಲುಗಳಿಗೆ ಒಂದು ಸ್ಪರ್ಧೆ ಬಂತು. ಒಂದು ಸುಲಭದ ಕೆಲಸವನ್ನು ಯಂತ್ರ ಕಟ್ಟಿ ಆದಷ್ಟು ಸುತ್ತುಬಳಸಿ ಮಾಡಬೇಕು. ಒಂದು ವಸ್ತು ಇನ್ನೊಂದನ್ನು ದೂಡಬೇಕು, ಅದು ಮತ್ತೊಂದನ್ನು. ಕೆಲಸ ಏನೆಂದರೆ, ಬಂದ ಅತಿಥಿಗಳಿಗೆ ಒಂದು ಕಪ್ಪು ಚಹಾ ಬಸಿಯುವುದು.

ಗುಡುಸಾಬ ಕೇಳಿಸಿಕೊಂಡು ಹೇಳಿದ: “ಗೆದ್ದ ಬಾ, ಮೆಟ್ರಿಕ್ ಮುಗಿಯೂತನ ನಿನ್ನ ತಂಟೇಕ್ಕ ಬರೂದಿಲ್ಲ. ಸೋತ್ಯೋ, ಸೋಮವಾರದಿಂದ ಜ್ವಾಳ ಅಳಿಯೂ ಸೇರು ನಿನ್ನ ಕೈಯಾಗ.”

“ಹೂಂ ಅಪ್ಪಾ” ಅಂದ ನಬಿಲಾಲ. ಮಾತು ಮುಗಿಯಿತು. ಆ ಮನೆಯಲ್ಲಿ ಮಾತು ಕೊಟ್ಟರೆ ಕೊಟ್ಟಂತೆ.

೪

ಯಂತ್ರದ ಲೆಕ್ಕವೆಲ್ಲ ಅವನ ಜೋಡೀದಾರ ಪಂಢರಿನಾಥನದು. ಮಾಸ್ತರರ ಮಗ, ಬಡಕಲ ಮೈ, ನೆತ್ತಿಯ ಮೇಲೊಂದು ಜುಟ್ಟು...

“ಜುಟ್ಟ ತಗೀರಿ ಮೊದಲ” ಅಂತ ಪಂಢರಿ ಜಗಳಕ್ಕೆ ಬಂದ. “ಬ್ರಾಹ್ಮಣರ ಹುಡುಗ ಅಂದಕೂಡ್ಲೆ ಜುಟ್ಟ, ಲೆಕ್ಕ, ಅಂಜುಬುರುಕ. ಇಷ್ಟ ಏನ್ರಿ ನಿಮ್ಮ ಸ್ಟಾಕು? ನಾ ಹುತೂತೂ ಕಬಡ್ಡಿ ಆಡ್ತೇನಿ. ನಬ್ಯಾನ ಎರಡ ಸಲ ಕೆಡವೇನಿ.”

“ಒಂದ ಸಲ. ಅದೂ ಕಾಲ ಜಾರಿತ್ತು” ಅಂದ ನಬಿಲಾಲ.

ಜುಟ್ಟು ತೆಗೆದೆ. ಲೆಕ್ಕ ಉಳಿಸಿಕೊಂಡೆ, ಕಥೆಗೆ ಬೇಕು.

ಆ ಯಂತ್ರ ಹೀಗೆ: ಸೀಳಿದ ಬಿದಿರಿನೊಳಗೆ ಗೋಲಿ ಉರುಳುತ್ತದೆ. ಗೋಲಿ ಹೋಗಿ, ನೆಟ್ಟಗೆ ನಿಲ್ಲಿಸಿದ ಬರೆಯುವ ಪಾಟಿಯನ್ನು ಬೀಳಿಸುತ್ತದೆ. ಪಾಟಿ ಬಿದ್ದು ದಾರ ಜಗ್ಗುತ್ತದೆ. ದಾರ ಜಗ್ಗಿ, ಮೇಲೆ ಕಟ್ಟಿದ ಡಬ್ಬಿಯ ಬಾಯಿ ತೆರೆದು, ಉಸುಕು ತಕ್ಕಡಿಯ ತಟ್ಟೆಗೆ ಸುರಿಯುತ್ತದೆ. ತಟ್ಟೆ ಇಳಿದಂತೆ ಆಚೆಯ ತುದಿಗೆ ಕಟ್ಟಿದ ಚಹಾದ ಕಿಟ್ಲಿ ಹಿಂದಿನಿಂದ ಏಳುತ್ತದೆ, ಬಾಗುತ್ತದೆ, ಬಸಿಯುತ್ತದೆ. ಎಷ್ಟು ಉಸುಕಿಗೆ ಕಿಟ್ಲಿ ಎಷ್ಟು ಬಾಗಿ ಎಷ್ಟು ಚಹಾ ಬೀಳುತ್ತದೆ ಎಂಬುದನ್ನು ಪಂಢರಿ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದು ಮನೆಯಲ್ಲಿ ಬೈಸಿಕೊಂಡಿದ್ದ. ಲೆಕ್ಕ ಮಾತ್ರ ಸರಿ ಇತ್ತು. ಮಾಡಿ ನೋಡಿದಾಗಲೆಲ್ಲ ಕಪ್ಪು ಕಂಠಮಟ ತುಂಬಿ ನಿಲ್ಲುತ್ತಿತ್ತು.

೫

(ನಡುವೆ ನಬಿಲಾಲನ ಅವ್ವ ಜನ್ನತಬಿ ಬಂದು ನಿಂತಿದ್ದಾಳೆ. ‘ಎಲ್ಲಾರಿಗೂ ಮಾತ ಕೊಟ್ರಿ, ನನಗೊಂದ ಸಾಲು ಇಲ್ಲ’ ಅನ್ನುತ್ತಾಳೆ. ಕೊಡದೆ ವಿಧಿಯಿಲ್ಲ.)

“ಕೈಲೆ ಬಸದ್ರ ಆಗೂ ಕೆಲಸಕ್ಕ ಇಷ್ಟ್ಯಾಕ ಕುಣೀತಾವ್ರಿ ಈ ಹುಡುಗ್ರು?”

“ಅವ್ವಾ” ಅಂದೆ ನಾನು, “ಆ ಸೃಷ್ಟಿ ಮಾಡಿದವನಿಗೂ ಇದೇ ಮಾತು ಕೇಳಬಹುದು. ಅವನೂ ಕೈಲೇ ಎಲ್ಲ ಮಾಡಬಹುದಿತ್ತು. ಗೋಲಿ ಉರುಳಿಸಿ ಬಿಟ್ಟು ನೋಡುತ್ತ ಕೂತಿದ್ದಾನೆ.”

“ಅವಗ ಕೇಳೂದ ನಮಾಜಿನ್ಯಾಗ ಕೇಳ್ತೇನಿ. ಈಗ ನಿಮಗ ಕೇಳಾಕತ್ತೇನಿ.”

ಅವಳೇ ನಕ್ಕು, “ಗೆದ್ದ ಬರ್ಲಿ ಬಿಡ್ರಿ” ಅಂದು ಒಳಗೆ ಹೋದಳು. ಮಗ ಓದಲಿ ಎಂಬುದು ಅವಳದೂ ಆಸೆ. ಗಂಡನ ಎದುರು ಅಂದಿರಲಿಲ್ಲ, ಅಷ್ಟೆ.

೬

ಸ್ಪರ್ಧೆಯ ಹಿಂದಿನ ದಿನ ಮಳೆ ಹನಿಯಿತು. ಬಸ್ಸಿನ ಮೇಲೆ ಸಾಮಾನು ಹೇರಿ, ಸ್ಪರ್ಧೆ ನಡೆಯುವ ಬಾಗೇವಾಡಿ ಮುಟ್ಟುವುದರೊಳಗೆ ಉಸುಕು ತೊಯ್ದು ಮುದ್ದೆಯಾಗಿತ್ತು. ಡಬ್ಬಿಯ ಬಾಯಿ ತೆರೆದರೆ ಬೀಳಲೊಲ್ಲದು.

“ಜ್ವಾಳ ಹಾಕೂಣು” ಅಂದ ನಬಿಲಾಲ. “ಜ್ವಾಳ ಎಲ್ಲೂ ನಿಲ್ಲೂದಿಲ್ಲ, ಹರೀತೈತಿ.” ಪೇಟೆಗೆ ಓಡಿ ಒಂದು ಚೀಲ ಜೋಳ, ಅಳೆಯುವ ಸೇರು ತಂದ.

ಪಂಢರಿ ಕೂತಲ್ಲೇ ಲೆಕ್ಕ ಬದಲಿಸಿ, “ಸಪಾಟು ಒಂದ ಸೇರು. ಬರೋಬ್ಬರಿ” ಅಂದ. ಅಂದವನೇ ದಾರದ ಗಂಟು ನೋಡಲಿಕ್ಕೆ ಬಗ್ಗಿದ.

ನಬಿಲಾಲ ಸೇರು ತುಂಬಿದ. ಮೇಲೆ ಅಂಗೈ ಎಳೆದು ಸಪಾಟು ಮಾಡಿದ. ಡಬ್ಬಿಗೆ ಸುರಿದ. ಆಮೇಲೆ ಅವನ ಬಲಗೈ, ಅವನನ್ನು ಕೇಳದೆಯೇ, ಚೀಲಕ್ಕೆ ಹೋಗಿ ಒಂದು ಹಿಡಿ ಜೋಳ ತಂದು ಡಬ್ಬಿಗೆ ಹಾಕಿತು.

ಅದು ಕೊಸರು. ಗುಡುಸಾಬನ ಅಂಗಡಿಯಲ್ಲಿ ಅಳತೆ ಮುಗಿದ ಮೇಲೆ ಆ ಹಿಡಿ ಬೀಳದೆ ಯಾವ ಗಿರಾಕಿಯ ಚೀಲದ ಬಾಯಿಯೂ ಮುಚ್ಚಿದ್ದಿಲ್ಲ. ಕೊಸರಿಗೆ ಲೆಕ್ಕವಿಲ್ಲ, ಹಾಕಿದೆ ಎಂದು ಹೇಳುವ ಪದ್ಧತಿಯೂ ಇಲ್ಲ. ಅದು ಕೊಟ್ಟವನಿಗೂ ತಗೊಂಡವನಿಗೂ ನಡುವೆ ದೇವರ ಪಾಲು ಎಂದು ಗುಡುಸಾಬ ಮಗನಿಗೆ ನಡೆಯಲು ಕಲಿಸುವಾಗಲೇ ಕಲಿಸಿದ್ದ.

ಇಲ್ಲಿ ನಾನು ಪೆನ್ನು ಎತ್ತಿ ಕೂಗಿದೆ: “ಏ ನಬಿಲಾಲ, ಆ ಹಿಡಿ ತಿರುಗಿ ತಗಿ! ಕಥೆ ಕೆಡ್ತದ.”

“ಯಾವ ಹಿಡಿರಿ?” ಅಂದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

೭

ಸ್ಪರ್ಧೆಯ ಅತಿಥಿ, ಮೈಸೂರು ಕಡೆಯ ಒಬ್ಬ ಎಂಜಿನಿಯರ್ ಸಾಹೇಬರು. ಅವರ ಬಾಜೂಕ್ಕೆ ಬಾಗೇವಾಡಿ ಹೈಸ್ಕೂಲಿನ ಹೆಡ್‌ಮಾಸ್ತರ ಹಣಮಂತ್ರಾಯರು. ತೀರ್ಪು ಇಬ್ಬರದೂ. ನಿಯಮವನ್ನು ಸಾಹೇಬರೇ ಓದಿದರು: “ಕಪ್ಪು ತುಂಬಬೇಕು. ಚಹಾ ಹೊರಗೆ ಚೆಲ್ಲಬಾರದು. ಚೆಲ್ಲಿದರೆ ಆ ಯಂತ್ರ ಸ್ಪರ್ಧೆಯಿಂದ ಹೊರಗೆ.”

ಇಂಡಿಯವರ ಗಾಲಿ ಅರ್ಧ ದಾರಿಯಲ್ಲಿ ಧ್ಯಾನಕ್ಕೆ ಕೂತಿತು. ಸಿಂದಗಿಯವರದು ಚಹಾದ ಜೊತೆ ಕಿಟ್ಲಿಯನ್ನೂ ಕಪ್ಪಿಗೆ ಹಾಕಲು ಹೋಯಿತು. ಬಾಗೇವಾಡಿಯದು ಅರ್ಧ ಕಪ್ಪು ಬಸಿದು ನಿಂತಿತು. ಅಷ್ಟಾದರೂ ಆಯಿತಲ್ಲ ಎಂದು ಊರ ಹುಡುಗರು ಸೀಟಿ ಹೊಡೆದರು.

ನಬಿಲಾಲ ಗೋಲಿ ಬಿಟ್ಟ. ಬಿದಿರು, ಪಾಟಿ, ದಾರ, ಜೋಳ, ತಕ್ಕಡಿ, ಎಲ್ಲವೂ ಹೇಳಿದ ಮಾತು ಕೇಳಿದವು. ಕಿಟ್ಲಿ ಬಾಗಿತು. ಕಪ್ಪು ತುಂಬಿತು. ನಿಲ್ಲಬೇಕಿತ್ತು. ತಟ್ಟೆ ಇನ್ನೊಂದು ಬೆರಳು ಇಳಿಯಿತು. ಚಹಾ ಕಪ್ಪಿನ ಅಂಚು ದಾಟಿ ಕೆಳಗಿನ ಬಶಿಗೆ ಇಳಿದು, ಬಶಿಯೂ ಅಂಚಿನ ತನಕ ತುಂಬಿ, ಆಗ ನಿಂತಿತು. ಟೇಬಲ್ಲಿನ ಮೇಲೆ ಒಂದು ಹನಿಯಿಲ್ಲ.

“ಚೆಲ್ಲಿತು” ಅಂದರು ಸಾಹೇಬರು.

“ಎಲ್ಲಿ ಚೆಲ್ಲೈತ್ರಿ?” ಅಂದರು ಹಣಮಂತ್ರಾಯರು.

“ಸಾಸರಿಗೆ ಬಿದ್ದಿದೆಯಲ್ಲ ಸ್ವಾಮಿ.”

“ಬಶಿಗೆ ಬಿದ್ರ ಅದು ಚೆಲ್ಲಿದ್ದಲ್ರಿ, ಹಾಕಿದ್ದು. ನಾವು ಚಾ ಕುಡಿಯೂದ ಬಶ್ಯಾಗ. ಬಶಿ ತುಂಬ ಕೊಡ್ಲಿಲ್ಲಂದ್ರ ಬೀಗರು ಸಿಟ್ಟ ಮಾಡ್ಕೊಂಡ ಎದ್ದ ಹೋಗ್ತಾರ.”

(ಗಮನಿಸಿ: ಬಶಿ ಲೆಕ್ಕಕ್ಕೆ ಬಂದರೆ ಹಣಮಂತ್ರಾಯರ ಸ್ವಂತ ಸಾಲಿ ಸೋಲುತ್ತದೆ. ಇದು ಗೊತ್ತಾಗಿ ಊರ ಹುಡುಗರು ಅವರನ್ನು ಕಣ್ಣಲ್ಲೇ ತಿನ್ನುತ್ತಿದ್ದರು. ಚಹಾದ ಮರ್ಯಾದೆ ಬಂದಾಗ ಮನುಷ್ಯ ಸಾಲಿ ನೋಡುವುದಿಲ್ಲ.)

೮

ಸಾಹೇಬರು ಕನ್ನಡಕ ಸರಿಮಾಡಿಕೊಂಡು ನಬಿಲಾಲನ ಕಡೆ ತಿರುಗಿದರು. “ನೀನೇ ಹೇಳಪ್ಪ. ಸಾಸರು ತುಂಬಲಿ ಅಂತ ಬೇಕೆಂದೇ ಮಾಡಿದ್ದೋ, ತಪ್ಪಿ ಆದದ್ದೋ? ಬೇಕೆಂದೇ ಆದರೆ ನಿಮ್ಮದೇ ಗೆಲುವು. ತಪ್ಪಾಗಿದ್ದರೆ ಇಲ್ಲ.”

ಆಗ ನಬಿಲಾಲನಿಗೆ ತನ್ನ ಬಲಗೈ ನೆನಪಾಯಿತು. ಆ ಹಿಡಿಯೂ ನೆನಪಾಯಿತು. ಪಂಢರಿ ಅವನ ಮುಖ ನೋಡಿದ, ಡಬ್ಬಿ ನೋಡಿದ, ಎಲ್ಲ ಗೊತ್ತಾಗಿ ತುಟಿ ಕಚ್ಚಿಕೊಂಡ. ಹಿಂದೆ ಬಾಗಿಲಲ್ಲಿ, ಯಾವ ಮಾಯದಲ್ಲಿ ಬಂದನೋ, ಗುಡುಸಾಬ ಅಂಗಡಿಯ ರುಮಾಲಿನಲ್ಲೇ ನಿಂತಿದ್ದ.

೯

ನನ್ನ ಹತ್ತಿರ ಇರುವ ಮುಕ್ತಾಯಗಳು:

(ಕ) ನಬಿಲಾಲ ‘ಬೇಕಂತನ ಮಾಡೇವ್ರಿ’ ಅನ್ನುತ್ತಾನೆ. ಚಪ್ಪಾಳೆ. ಮೆಟ್ರಿಕ್ ತನಕ ಸಾಲಿ. ಆದರೆ ಅದು ಸುಳ್ಳು ಎಂದು ಪಂಢರಿಗೆ ಗೊತ್ತು. ಮುಂದೆಂದೂ ಪಂಢರಿ ಅವನ ಎದುರು ಲೆಕ್ಕ ಬಿಡಿಸುವುದಿಲ್ಲ.

(ಖ) ‘ತಪ್ಪಾತ್ರಿ’ ಅನ್ನುತ್ತಾನೆ. ಕೊಸರು ತಪ್ಪು ಎಂದು ಮಗನ ಬಾಯಿಂದ, ಎಲ್ಲರೆದುರು, ಅಪ್ಪ ಕೇಳಿಸಿಕೊಳ್ಳುತ್ತಾನೆ. ಸೋಮವಾರದಿಂದ ಮಗ ಅಂಗಡಿಯಲ್ಲಿ. ಅವನು ಕೊಸರು ಹಾಕುವಾಗಲೆಲ್ಲ ಗುಡುಸಾಬ ಬೇರೆ ಕಡೆ ನೋಡುತ್ತಾನೆ.

(ಗ) ಗುಡುಗು ಹೊಡೆದು ಎಲ್ಲರೂ ಓಡಿಹೋಗುತ್ತಾರೆ. ಇದು ನನ್ನಂಥ ಸೋಮಾರಿಗಳಿಗೆ ಮೀಸಲು.

“ಮೂರೂ ಒಲ್ಲೆ” ಅಂದ ನಬಿಲಾಲ.

“ನಾಲ್ಕನೆಯದು ನನಗೆ ಹೊಳೆಯುತ್ತಿಲ್ಲಪ್ಪಾ. ಪ್ರಾರ್ಥನೆ ಮಾಡಿಯೂ ನೋಡಿದೆ.”

“ಹಂಗಾರ ನೀವು ಸುಮ್ಮನ ಕೂಡ್ರಿ.”

ಕೂತೆ.

೧೦

ನಬಿಲಾಲ ಟೇಬಲ್ಲಿನ ಹತ್ತಿರ ಬಂದ. ಎರಡೂ ಕೈಯಿಂದ ಕಪ್ಪು-ಬಶಿಯನ್ನು ನಿಧಾನ ಸಾಹೇಬರ ಮುಂದೆ ಸರಿಸಿದ. ಹನಿ ಅಲುಗಲಿಲ್ಲ.

“ಹೇಳ್ತೇನ್ರಿ ಸರ. ಮೊದಲ ಚಾ ಕುಡೀರಿ, ಆರಾಕತ್ತೈತಿ.”

ಸಾಹೇಬರು ಕಪ್ಪಿನ ಕಿವಿಗೆ ಬೆರಳು ಹಾಕಿದರು. ಎತ್ತಿದರೆ ತಳ ತೊಟ್ಟಿಕ್ಕಿ ಬಿಳಿ ಪ್ಯಾಂಟು ಹಾಳಾಗುವಂತಿತ್ತು. ಬೆರಳು ತೆಗೆದರು. ಕಪ್ಪು ಎತ್ತಬೇಕಾದರೆ ಮೊದಲು ಬಶಿ ಬರಿದಾಗಬೇಕು, ಬಶಿ ಬರಿದಾಗಬೇಕಾದರೆ ಬಗ್ಗಿ ಬಾಯಿ ಹಚ್ಚಬೇಕು. ಹಚ್ಚಿದರೆ ಅದು ಚೆಲ್ಲಿದ್ದಲ್ಲ, ಹಾಕಿದ್ದು ಎಂದು ಸಾಹೇಬರೇ ಒಪ್ಪಿದಂತೆ. ನಾಲ್ಕು ತಾಲೂಕಿನ ಹುಡುಗರು ಕುತ್ತಿಗೆ ಚಾಚಿ ನೋಡುತ್ತಿದ್ದರು. ಬಾಗಿಲಲ್ಲಿದ್ದ ಗುಡುಸಾಬ ಒಂದು ಹೆಜ್ಜೆ ಮುಂದೆ ಇಟ್ಟ. ಮಗನ ಕೈ ಹಿಡಿದು ಕರೆದೊಯ್ಯಲೋ, ನೆಟ್ಟಗೆ ನೋಡಲೋ, ಅವನನ್ನೇ ಕೇಳಿದೆ. “ನೀವು ಸರೀರಿ ಅತ್ತಾಗ, ಕಾಣವಲ್ದು” ಅಂದ.

ಸರಿದೆ. ಇಲ್ಲಿಂದ ನನಗೂ ಅಷ್ಟು ಕಾಣುವುದಿಲ್ಲ. ಸಾಹೇಬರು ಕನ್ನಡಕ ತೆಗೆದು ಜೇಬಿಗೆ ಇಟ್ಟದ್ದು ಕಾಣುತ್ತದೆ. ಟೈಯನ್ನು ಭುಜದ ಮೇಲೆ ಹಾಕಿಕೊಂಡದ್ದು ಕಾಣುತ್ತದೆ. ಬಗ್ಗುತ್ತಿದ್ದಾರೆ.