ಪರಿಶೀಲಿಸಿದವರ ಸಹಿ

ಶೈಲಜಾ ಆಫೀಸಿಗೆ ಕಾಲಿಟ್ಟ ದಿನದಿಂದ ನೀಲಗಂಗಾಳ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಂಡಿತ್ತು. ಅಮೆರಿಕದ ಗೈದರ್ಸ್‌ಬರ್ಗಿನ ಆ ಆರೋಗ್ಯ ವಿಮಾ ಕಂಪನಿಯಲ್ಲಿ ಧಾರವಾಡದ ನೀಲಗಂಗಾ ಹನ್ನೊಂದು ವರ್ಷ ಜೀವ ತೇದಿದ್ದಳು. ಬೆಂಗಳೂರಿನ ಈ ಹುಡುಗಿ ಬಂದು ಎಂಟು ತಿಂಗಳೂ ಆಗಿರಲಿಲ್ಲ. ಆದರೂ ಖಾಲಿಯಾದ ಮ್ಯಾನೇಜರ್ ಹುದ್ದೆಗೆ ಮೇಲಧಿಕಾರಿ ಕ್ಯಾರಲ್ ಇಬ್ಬರ ಹೆಸರನ್ನೂ ಬರೆದುಕೊಂಡಿದ್ದಳು. ಇಬ್ಬರದ್ದೂ! ನೀಲಗಂಗಾಳಿಗೆ ಅದು ಅನ್ನದಲ್ಲಿ ಕಲ್ಲು ಸಿಕ್ಕಂತಾಗಿತ್ತು.

೨೦೧೭ರ ಆ ವಸಂತದಲ್ಲಿ, ವೃದ್ಧರ ಆರೈಕೆಯ ಪಾಲಿಸಿ ಮಾರುತ್ತಿದ್ದ ಬೇರೊಂದು ಕಂಪನಿ ದಿವಾಳಿಯೆದ್ದಿತು. ಹಾಗಾದಾಗ ಪಾಲಿಸಿದಾರರು ಬೀದಿಗೆ ಬೀಳದಂತೆ ರಾಜ್ಯದ ಖಾತರಿ ನಿಧಿ ಉಳಿದ ಕಂಪನಿಗಳಿಂದ ವಂತಿಗೆ ಎತ್ತುತ್ತದೆ. ಹೆಚ್ಚು ಪ್ರೀಮಿಯಂ ಪಡೆದವರಿಗೆ ಹೆಚ್ಚು ಪಾಲು. ತಮ್ಮ ಪಾಲು ಎಷ್ಟಾದೀತೆಂದು ಅಂದಾಜು ಹಾಕುವ ಕೆಲಸ ಶೈಲಜಾಳ ತಲೆಗೆ ಬಿತ್ತು.

ಅಲ್ಲಿ ಎರಡನೆಯವರ ಸಹಿಯಿಲ್ಲದೆ ಯಾವ ಲೆಕ್ಕವೂ ಮೇಲೆ ಹೋಗುವಂತಿಲ್ಲ. ಶೈಲಜಾ ಹಾಳೆಗಳನ್ನು ತಂದಳು.

"ನೀಲಕ್ಕ, ಸ್ವಲ್ಪ ಚೆಕ್ ಮಾಡ್ತೀರಾ ಪ್ಲೀಸ್? ಫಸ್ಟ್ ಟೈಮ್ ಮಾಡ್ತಿರೋದು, ಭಯ ಆಗ್ತಿದೆ."

ಎರಡನೆಯ ಪುಟಕ್ಕೇ ತಪ್ಪು ನೀಲಗಂಗಾಳ ಕಣ್ಣಿಗೆ ಬಿತ್ತು. ಕೇಂದ್ರ ಸರ್ಕಾರಿ ನೌಕರರ ಪ್ರೀಮಿಯಂ ಈ ಲೆಕ್ಕಕ್ಕೆ ಬರುವುದಿಲ್ಲ. ವಾಷಿಂಗ್ಟನ್ನಿನ ಮಗ್ಗುಲಲ್ಲಿ ಮೂವರಲ್ಲೊಬ್ಬ ಗ್ರಾಹಕ ಅಂಥ ನೌಕರನೇ. ಈ ಪುಣ್ಯಾತ್ಗಿತ್ತಿ ಅವರೆಲ್ಲರನ್ನೂ ಸೇರಿಸಿಬಿಟ್ಟಿದ್ದಳು. ಹೊಸಬರೆಲ್ಲ ಮಾಡುವ ತಪ್ಪು. ಮೊದಲ ವರ್ಷ ನೀಲಗಂಗಾಳೂ ಮಾಡಿದ್ದಳು, ಆಗ ಯಾರೋ ತಿದ್ದಿದ್ದರು.

"ಎಲ್ಲಾ ಬರೋಬ್ಬರಿ ಅದ," ಎಂದಳು ನೀಲಗಂಗಾ. "ಕಳಿಸಿಬಿಡು. ಸಹಿ ನಾಳೆ ಮಾಡ್ತೀನಿ."

ಮರುದಿನ ಮೀಟಿಂಗಿನಲ್ಲಿ ಕ್ಯಾರಲ್ ಮೊತ್ತ ನೋಡಿ ಹುಬ್ಬೇರಿಸಿದಳು. ಸರ್ಕಾರಿ ನೌಕರರನ್ನು ಯಾಕೆ ಬಿಟ್ಟಿಲ್ಲ, ಪರಿಶೀಲಿಸಿದವರ ಸಹಿ ಎಲ್ಲಿ ಎಂದು ಕೇಳಿದಳು. ನೀಲಗಂಗಾ ಶೈಲಜಾಳತ್ತ ನೋಡಿದಳು. ಈಗ ಈ ಹುಡುಗಿ ಬಾಯಿಬಿಟ್ಟರೆ ಮುಗಿಯಿತು.

ಶೈಲಜಾ ಬಾಯಿಬಿಟ್ಟಳು. ತಪ್ಪು ತನ್ನದೊಬ್ಬಳದೇ, ನೀಲಗಂಗಾಳಿಗೆ ನೋಡಲು ಸಮಯವನ್ನೇ ಕೊಡಲಿಲ್ಲ, ಅವಸರಪಟ್ಟು ಕಳಿಸಿಬಿಟ್ಟೆ ಎಂದಳು. ಸಹಿಯಿಲ್ಲದೆ ಕಳಿಸುವವರಿಗೆ ಇಡೀ ವಿಭಾಗವನ್ನು ಹೇಗೆ ಒಪ್ಪಿಸಲಿ ಎಂದ ಕ್ಯಾರಲ್, ಸಂಜೆಯೊಳಗೆ ಹುದ್ದೆಯನ್ನು ನೀಲಗಂಗಾಳಿಗೆ ಕೊಟ್ಟಳು.

ಪಾರ್ಕಿಂಗ್ ಲಾಟಿನಲ್ಲಿ ಶೈಲಜಾ ಓಡಿಬಂದು ಕೈ ಹಿಡಿದುಕೊಂಡಳು. "ಕಂಗ್ರಾಟ್ಸ್ ನೀಲಕ್ಕ! ನಿನ್ನೆ ನೀವು ಬಿಜಿ ಇದ್ರಿ, ಸರಿಯಾಗಿ ನೋಡೋಕಾಗಿಲ್ಲ ಅಂತ ಗೊತ್ತು. ನಿಮ್ಮ ಹೆಸರು ಯಾಕೆ ಎಳೀಬೇಕು ಅನ್ನಿಸ್ತು."

ಹುದ್ದೆ ಸಿಕ್ಕರೂ ಉರಿ ಆರಲಿಲ್ಲ. ಅಷ್ಟು ಸಲೀಸಾಗಿ ಒಳ್ಳೆಯವಳಾಗಲು ಇವಳಿಗೆ ಬರುತ್ತದೆ, ತನಗೇಕೆ ಬರುವುದಿಲ್ಲ? ಇವಳಿಂದ ಕ್ಷಮೆ ಬೇರೆ ಪಡೆಯಬೇಕೆ? ಪಶ್ಚಾತ್ತಾಪವಲ್ಲ, ಬರೀ ಹೊಟ್ಟೆಕಿಚ್ಚೇ ಅವಳ ಬಾಯಿಂದ ಮಾತು ಹೊರಡಿಸಿತು.

"ನೋಡಿದ್ದೆ. ತಪ್ಪು ಅಂತ ಗೊತ್ತಿತ್ತು."

ಶೈಲಜಾ ಕೈ ಬಿಟ್ಟಳು. ಕೂಗಾಡಲಿಲ್ಲ, ಅಳಲೂ ಇಲ್ಲ.

"ನಂಗೆ ಹೇಳಿದ್ರಿ, ಸರಿ. ಕ್ಯಾರಲ್‌ಗೂ ಹೇಳ್ತೀರಾ?"

ಕ್ಯಾರಲ್ ಇನ್ನೂ ಕಾರು ಹತ್ತುತ್ತಿದ್ದಳು, ಕೂಗಿದರೆ ಕೇಳುವಷ್ಟು ದೂರದಲ್ಲಿ. ನೀಲಗಂಗಾ ಬ್ಯಾಗಿನಲ್ಲಿ ತನ್ನ ಕಾರಿನ ಕೀಲಿ ಹುಡುಕತೊಡಗಿದಳು. ಕ್ಯಾರಲ್‌ಳ ಕಾರು ಹೊರಟುಹೋಯಿತು. ಸೋಮವಾರ ಬೆಳಿಗ್ಗೆ ನೀಲಗಂಗಾ ಹೋಗಿ ಮ್ಯಾನೇಜರ್ ಕುರ್ಚಿಯಲ್ಲಿ ಕುಳಿತಳು.